ಬಸ್ಸಿನವರ ಮೂರನೇ ಅಟೆಂಪ್ಟು

ಮಂಡ್ಯದ ಒಂದು ಕಾಲೇಜಿನಲ್ಲಿ ಹನ್ನೊಂದು ವರ್ಷ ಗಣಿತ ಪಾಠ ಮಾಡಿದವಳು ನಾನು. ಆಮೇಲೆ ಅಮೆರಿಕಕ್ಕೆ ಬಂದು ಕ್ಯುಪರ್ಟಿನೋದಲ್ಲಿ ಹದಿನೇಳು ವರ್ಷ ಕಾರು ಓಡಿಸಿದೆ. ಮಗಳನ್ನು ಸ್ಕೂಲಿಗೆ, ಸ್ಕೂಲಿನಿಂದ ಈಜಿಗೆ, ಈಜಿನಿಂದ ವಯೊಲಿನ್ನಿಗೆ, ನಡುವೆ ಗ್ರೋಸರಿಗೆ. ಅವಳ ಸ್ಕೂಲಿಗೋಸ್ಕರವೇ ಆ ಊರಿನಲ್ಲಿ ಮನೆ ಮಾಡಿದ್ದು, ಹಾಗಾಗಿ ಯಾರನ್ನೂ ದೂರುವ ಹಾಗಿರಲಿಲ್ಲ. ಅವಳು ಕಾಲೇಜು ಸೇರಿ ಮನೆ ಬಿಟ್ಟ ತಿಂಗಳು, ಒಂದು ಮಧ್ಯಾಹ್ನ ಮೂರು ಗಂಟೆಗೆ ನನ್ನಷ್ಟಕ್ಕೆ ನಾನೇ ಕಾರಿನ ಕೀ ತೆಗೆದುಕೊಂಡು ಗರಾಜಿಗೆ ಹೋಗಿ ನಿಂತಿದ್ದೆ. ಎಲ್ಲಿಗೂ ಹೋಗಬೇಕಾಗಿರಲಿಲ್ಲ. ಅಳು ಬಂತು. ಅಳು ಮುಗಿದ ಮೇಲೆ ಕೋಪ ಬಂತು, ನನ್ನ ಕೋಪ ಯಾವತ್ತೂ ಮೂಗಿನ ತುದಿಯಲ್ಲೇ ಇರುತ್ತದೆ. ಒಳಗೆ ಬಂದು ಗಂಡನಿಗೆ ಫೋನು ಮಾಡಿ, ನಾನು ಮತ್ತೆ ಪಾಠ ಮಾಡುತ್ತೇನೆ ಎಂದೆ.

ಅವರು ಮೈಸೂರಿನವರು, ಇಂಜಿನಿಯರು, ಯಾವ ಮಾತಿಗೂ ಮೊದಲು ರಿಸ್ಕು ಲೆಕ್ಕ ಹಾಕುವ ಜಾತಿ. "ಆಯ್ತು ಕಣೇ, ಮಾಡು. ಆದ್ರೆ ಎಲ್ಲಿ?" ಎಂದರು.

"ಕಮ್ಯುನಿಟಿ ಕಾಲೇಜಲ್ಲಿ."

"ಓ," ಎಂದು ಫೋನಿಟ್ಟರು. ಮೀಟಿಂಗಿನಲ್ಲಿದ್ದರೋ, ಆ ಹೆಸರು ಕೇಳಿಯೇ ಇಟ್ಟರೋ ಗೊತ್ತಿಲ್ಲ. ನಮ್ಮವರ ಮನೆಗಳಲ್ಲಿ ಆ ಹೆಸರನ್ನು ಸ್ವಲ್ಪ ದನಿ ತಗ್ಗಿಸಿಯೇ ಹೇಳುವುದು. ದೊಡ್ಡ ಯೂನಿವರ್ಸಿಟಿ ಸಿಗದ ಮಕ್ಕಳು ಎರಡು ವರ್ಷ ಕಾಲ ಹಾಕುವ ಜಾಗ ಎಂದು ಒಂದು ತಾತ್ಸಾರ. ಸುಳ್ಳು ಯಾಕೆ ಹೇಳಲಿ, ನನಗೂ ಆ ತಾತ್ಸಾರ ಇತ್ತು. ಬಾಗಿಲು ಎಲ್ಲರಿಗೂ ತೆರೆದಿರುವ ಕಾಲೇಜು, ಯಾರ ಅಂಕಪಟ್ಟಿಯನ್ನೂ ಕೇಳದ ಕಾಲೇಜು ನನ್ನನ್ನು ಬೇಡ ಅನ್ನುತ್ತದೆಯೇ ಅಂದುಕೊಂಡಿದ್ದೆ.

ಬಾಗಿಲು ತೆರೆದಿದ್ದದ್ದು ಓದುವವರಿಗೆ. ಓದಿಸುವವರಿಗೆ ಅಲ್ಲಿ ಬೇರೆ ಬಾಗಿಲು. ಗಣಿತ ಹೇಳಿಕೊಡಬೇಕೆಂದರೆ ಗಣಿತದಲ್ಲೇ ಮಾಸ್ಟರ್ಸ್ ಡಿಗ್ರಿ ಬೇಕು. ನನ್ನ ಹತ್ತಿರ ಎಂ.ಎಸ್ಸಿ. ಇತ್ತು, ಅದೂ ಫಸ್ಟ್ ಕ್ಲಾಸು. ಆದರೆ ನಮ್ಮ ಬಿ.ಎಸ್ಸಿ. ಮೂರೇ ವರ್ಷದ್ದು, ಇಲ್ಲಿಯವರದು ನಾಲ್ಕು. ಪರದೇಶದ ಡಿಗ್ರಿಗಳನ್ನು ತೂಗಿ ನೋಡುವ ಏಜೆನ್ಸಿಯೊಂದು ನನ್ನ ಐದು ವರ್ಷಗಳ ಓದನ್ನು ತೂಗಿ ಒಂದು ಪತ್ರ ಕಳಿಸಿತು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗಿತ್ತು ಅದು, ಮಾಸ್ಟರ್ಸ್ ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. ಹಾಗಾದಾಗ ಕಾಲೇಜಿನ ಮೇಷ್ಟ್ರುಗಳೇ ಒಂದು ಕಮಿಟಿಯಾಗಿ ಕೂತು, ಈ ಡಿಗ್ರಿ ನಮ್ಮ ಡಿಗ್ರಿಗೆ ಸಮ ಹೌದೋ ಅಲ್ಲವೋ ಎಂದು ತೀರ್ಮಾನ ಮಾಡುತ್ತಾರೆ. ಅವರು ನಾನು ಓದಿದ ಒಂದೊಂದು ಪೇಪರಿನ ಸಿಲಬಸ್ ಕೇಳಿದರು. ಮೈಸೂರಿನಲ್ಲಿರುವ ತಂಗಿ ಅದಕ್ಕಾಗಿ ಓಡಾಡಿದಳು.

"ಅಕ್ಕಾ, ನಿನ್ ಸಿಲಬಸ್‌ಗೆ ಅಂತ ನಾಕ್ ಸಲ ಯೂನಿವರ್ಸಿಟಿಗೆ ಹೋಗಿದೀನಿ. ಅಷ್ಟರಲ್ಲಿ ನಾನೇ ಒಂದು ಎಮ್ಮೆಸ್ಸಿ ಮುಗಿಸಬಹುದಿತ್ತು," ಎಂದು ಬೈದಳು. ಸಿಲಬಸ್ ಮಾತ್ರ ಕಳಿಸಿದಳು. ಕಮಿಟಿ ಒಪ್ಪಿತು.

ನನಗೆ ಸಿಕ್ಕಿದ್ದು ಒಂದೇ ಕ್ಲಾಸು. ಪಾರ್ಟ್ ಟೈಮು, ಸ್ಟ್ಯಾಟಿಸ್ಟಿಕ್ಸು, ಶನಿವಾರ ಬೆಳಗ್ಗೆ ಒಂಬತ್ತರಿಂದ ಮಧ್ಯಾಹ್ನ ಒಂದರವರೆಗೆ. ಕಾಲೇಜು ಸಮುದ್ರದ ಕೊಲ್ಲಿಯ ಆಚೆ ದಡದಲ್ಲಿ, ನಮ್ಮ ಮನೆಯಿಂದ ಫ್ರೀವೇಯಲ್ಲಿ ಮುಕ್ಕಾಲು ಗಂಟೆ. ಯಾರಿಗೂ ಬೇಡದ ಹೊತ್ತು ಅದು, ಅದಕ್ಕೇ ಹೊಸಬಳಿಗೆ ಬಂದಿದ್ದು. ನನಗೇನು, ಹಸಿದವಳಿಗೆ ತಂಗಳೂ ಮೃಷ್ಟಾನ್ನವೇ. ಕ್ಲಾಸು ಶುರುವಾಗುವ ಹಿಂದಿನ ವಾರ ಪೂರ್ತಿ ಅಡುಗೆಮನೆಯಲ್ಲಿ ಫ್ರಿಜ್ಜಿನ ಬಾಗಿಲಿಗೆ ಪಾಠ ಮಾಡಿದೆ.

ಮೊದಲ ದಿನ ಇಪ್ಪತ್ತಾರು ಜನ ಇದ್ದರು. ಈ ಕೋರ್ಸು ಯಾಕೆ ಬೇಕು ಎಂದು ಒಬ್ಬೊಬ್ಬರನ್ನೇ ಕೇಳಿದೆ. ಮಂಡ್ಯದಲ್ಲಿ ಈ ಪ್ರಶ್ನೆ ಕೇಳಿದ್ದರೆ ಹುಡುಗಿಯರು ಮುಖ ಮುಖ ನೋಡಿಕೊಂಡು ನಕ್ಕುಬಿಡುತ್ತಿದ್ದರು, ಅಪ್ಪ ಸೇರಿಸಿದರು ಅಷ್ಟೇ. ಇಲ್ಲಿ ಎಲ್ಲರಿಗೂ ಕಾರಣ ಇತ್ತು. ನರ್ಸಿಂಗ್ ಸೇರಬೇಕಾದವರು ಏಳು ಜನ. ಎಮರಿವಿಲ್‌ನ ಯಾವುದೋ ಕಾರ್ಟೂನ್ ಸ್ಟುಡಿಯೋದ ರಿಸೆಪ್ಷನ್ನಿನಲ್ಲಿ ಕೂರುವವಳೊಬ್ಬಳಿಗೆ ಮೇಲಿನ ಕೆಲಸಕ್ಕೆ ಹೋಗಲು ಡಿಗ್ರಿ ಬೇಕಿತ್ತು. ಎಪ್ಪತ್ತು ದಾಟಿದ ಒಬ್ಬ ಅಜ್ಜಿಗೆ ಪೇಪರಿನಲ್ಲಿ ಬರುವ ಶೇಕಡಾವಾರುಗಳನ್ನು ಸುಮ್ಮನೆ ನಂಬಿ ನಂಬಿ ಬೇಜಾರಾಗಿತ್ತಂತೆ.

ಕೊನೆಯ ಸಾಲಿನಲ್ಲಿ, ಗೋಡೆಗೆ ಒತ್ತಿಕೊಂಡು ಒಬ್ಬ ಭಾರಿ ಆಳು ಕೂತಿದ್ದರು. ನರೆತ ಗಡ್ಡ, ಕುರ್ಚಿಗೆ ಹಿಡಿಸದ ಭುಜ, ಎಷ್ಟು ತೊಳೆದರೂ ಹೋಗದ ಎಣ್ಣೆ ಕಪ್ಪು ಉಗುರ ಸಂದಿಯಲ್ಲಿ. ಹೆಚ್ಚುಕಡಿಮೆ ನನ್ನದೇ ವಯಸ್ಸು.

"ಓಕ್‌ಲ್ಯಾಂಡ್‌ನೋನು. ಇಪ್ಪತ್ತಾರು ವರ್ಷ ಸಿಟಿ ಬಸ್ ರಿಪೇರಿ ಮಾಡಿದೀನಿ. ಈ ಕೋರ್ಸಿಗೆ ಇದು ನನ್ನ ಮೂರನೇ ಸಲ," ಎಂದರು. ಪೆನ್ಸಿಲು ಕೈಗೆತ್ತಿಕೊಂಡು, "ಇನ್ನೊಂದು ಸಲ ಕೂರೋಕೆ ಬಿಡಲ್ಲ," ಎಂದರು.

ಅವರ ಹೆಸರು ನನ್ನ ಹಾಜರಿ ಪಟ್ಟಿಯಲ್ಲಿತ್ತು, ಆದರೆ ಮನಸ್ಸಿನಲ್ಲಿ ಅವತ್ತಿನಿಂದ ಅವರು ಬಸ್ಸಿನವರು. ಇಲ್ಲಿ ಒಂದು ಕೋರ್ಸನ್ನು ಮೂರು ಸಲಕ್ಕಿಂತ ಹೆಚ್ಚು ಓದಲು ಸಾಮಾನ್ಯವಾಗಿ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಇಷ್ಟು ವಯಸ್ಸಾದ ಮೇಲೆ ಇವರಿಗೆ ಅಷ್ಟು ಹಟ ಯಾಕೆ ಎಂಬುದು ನಡುವಿನ ಬಿಡುವಿನಲ್ಲಿ ಗೊತ್ತಾಯಿತು. ಮಂಡಿ ಕೆಟ್ಟ ಮೇಲೆ ಬಸ್ ಡಿಪೋ ಬಿಟ್ಟು ಇದೇ ಕಾಲೇಜಿನ, ಕಾರು ರಿಪೇರಿ ಕಲಿಸುವ ಆಟೋ ವರ್ಕ್‌ಶಾಪಿನಲ್ಲಿ ಸಹಾಯಕರಾಗಿ ಸೇರಿದ್ದರು. ಟೂಲ್ಸ್ ಕೊಡುವುದು, ವಾಪಸ್ ಎಣಿಸಿ ಇಡುವುದು, ಹುಡುಗರು ಕೈಗೆ ಗಾಯ ಮಾಡಿಕೊಳ್ಳದ ಹಾಗೆ ನೋಡಿಕೊಳ್ಳುವುದು. ಅಲ್ಲಿನ ಮೇಷ್ಟ್ರು ಆ ಬೇಸಿಗೆಗೆ ರಿಟೈರ್ ಆಗುವವರಿದ್ದರು. ಆ ಕ್ಲಾಸು ಇವರಿಗೆ ಬರಲಿ ಎಂದು ಅವರಿಗೂ ಆಸೆ, ವಿದ್ಯಾರ್ಥಿಗಳಿಗೂ ಆಸೆ. ಆಟೋ ವಿಷಯಕ್ಕೆ ಮಾಸ್ಟರ್ಸ್ ಬೇಕಿಲ್ಲ, ಎರಡು ವರ್ಷದ ಡಿಗ್ರಿ ಮತ್ತು ಆರು ವರ್ಷದ ಅನುಭವ ಇದ್ದರೆ ಸಾಕು. ಅನುಭವ ಇವರ ಹತ್ತಿರ ಅದರ ನಾಲ್ಕು ಪಟ್ಟು ಇತ್ತು. ಡಿಗ್ರಿಗೆ ಬೇಕಾದ ಇಂಗ್ಲಿಷು, ಚರಿತ್ರೆ, ಕೊನೆಗೆ ಸಂಗೀತವೂ ಪಾಸಾಗಿತ್ತು. ಉಳಿದಿದ್ದು ಗಣಿತ ಒಂದೇ.

ನನ್ನ ಹನ್ನೊಂದು ವರ್ಷದ ಪಾಠವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಬರೀ ಕಾಗದ ಕೇಳಿದರಲ್ಲ ಎಂಬ ಉರಿ ನನ್ನಲ್ಲಿ ಇನ್ನೂ ಆರಿರಲಿಲ್ಲ. ಈ ಮನುಷ್ಯನನ್ನು ನೋಡಿ ಪಾಪ ಎನಿಸಿತು, ಹತ್ತಿರದವರು ಅಂತಲೂ ಎನಿಸಿತು. "ನೀವು ಪಾಸಾಗ್ತೀರಿ, ನಾನಿದೀನಿ," ಎಂದುಬಿಟ್ಟೆ.

ಮೊದಲ ಟೆಸ್ಟಿನಲ್ಲಿ ಅವರಿಗೆ ನೂರಕ್ಕೆ ನಲವತ್ತೊಂದು ಬಂತು. ಇಲ್ಲಿ ಪಾಸಾಗಲು ಎಪ್ಪತ್ತು ಬೇಕು.

ಕ್ಲಾಸಿನಲ್ಲಿ ಅವರು ಬಾಯಿ ಬಿಡುತ್ತಿರಲಿಲ್ಲ. ಬರೆದುಕೊಳ್ಳುತ್ತಿದ್ದರು, ಚಿಕ್ಕ ಚಿಕ್ಕ ಅಕ್ಷರ, ಒಂದು ಗೆರೆ ತಪ್ಪಿದರೂ ರಬ್ಬರಿನಿಂದ ಉಜ್ಜಿ ಮತ್ತೆ ಬರೆಯುತ್ತಿದ್ದರು. ಅರ್ಥವಾಯಿತಾ ಎಂದರೆ ತಲೆ ಆಡಿಸುತ್ತಿದ್ದರು. ಮಂಡ್ಯದಲ್ಲಿ ಹಾಗೆ ತಲೆ ಆಡಿಸುವವರನ್ನು ನಾನು ನೂರಾರು ನೋಡಿದ್ದೆ, ಅದರ ಅರ್ಥವೇನೆಂದು ನನಗೆ ಚೆನ್ನಾಗಿ ಗೊತ್ತಿರಬೇಕಿತ್ತು. ಆದರೂ ಮುಂದಕ್ಕೆ ಹೋಗುತ್ತಿದ್ದೆ, ಯಾಕೆಂದರೆ ಸಿಲಬಸ್ ಮುಗಿಯಬೇಕಲ್ಲ. ಪೋರ್ಷನ್ ಮುಗಿಸುವುದೇ ಪಾಠ ಎಂಬ ರೋಗ ನಮ್ಮ ಕಡೆಯ ಲೆಕ್ಚರರುಗಳಿಗೆ ರಕ್ತದಲ್ಲೇ ಇದೆ.

ಇದರ ಮಧ್ಯೆ ನನ್ನ ಇನ್‌ಸ್ಪೆಕ್ಷನ್ ಬಂತು. ಹೊಸ ಮೇಷ್ಟ್ರುಗಳ ಕ್ಲಾಸಿಗೆ ಮೊದಲ ಟರ್ಮಿನಲ್ಲೇ ಒಬ್ಬ ಹಿರಿಯ ಅಧ್ಯಾಪಕರು ಬಂದು ಹಿಂದೆ ಕೂತು ನೋಡುತ್ತಾರೆ. ಅವರು ಬರೆದದ್ದರ ಮೇಲೆ ಮುಂದಿನ ಟರ್ಮಿಗೆ ಕ್ಲಾಸು ಸಿಗುವುದು ಬಿಡುವುದು. ಇಲ್ಲಿ ಅದಕ್ಕೆ ಇವ್ಯಾಲ್ಯುಯೇಷನ್ ಎನ್ನುತ್ತಾರೆ, ನನ್ನ ಕಿವಿಗೆ ಅದು ಇನ್‌ಸ್ಪೆಕ್ಷನ್ ಎಂದೇ ಕೇಳಿಸಿತು. ಹೆದರಿಕೆಯಾದಾಗ ಮನುಷ್ಯರು ಹಳೆ ಬುದ್ಧಿಗೇ ಹೋಗುವುದು.

ನಾನು ಹೈಸ್ಕೂಲಿನಲ್ಲಿದ್ದಾಗ ಇನ್‌ಸ್ಪೆಕ್ಟರು ಬರುವ ಹಿಂದಿನ ದಿನ ಲೆಕ್ಕದ ಮೇಷ್ಟ್ರು ನಮಗೊಂದು ಉಪಾಯ ಹೇಳಿಕೊಡುತ್ತಿದ್ದರು. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು. ಉತ್ತರ ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ಮೇಷ್ಟ್ರು ಬಲಗೈಯವರನ್ನು ಮಾತ್ರ ಎಬ್ಬಿಸುತ್ತಾರೆ. ಇನ್‌ಸ್ಪೆಕ್ಟರ ಕಣ್ಣಿಗೆ ಕೈಗಳ ಕಾಡು ಕಾಣುತ್ತದೆ, ಇಡೀ ಕ್ಲಾಸು ಬುದ್ಧಿವಂತ ಎಂದು ಬರೆದು, ಕಾಫಿ ಕುಡಿದು ಹೋಗುತ್ತಾರೆ. ಮಂಡ್ಯದಲ್ಲಿ ನಾನೂ ಅದನ್ನೇ ಮಾಡಿದ್ದೆ. ನಾಚಿಕೆ ಪಡುವ ವಿಷಯ ಅಂತ ಒಂದು ದಿನಕ್ಕೂ ಅನ್ನಿಸಿರಲಿಲ್ಲ. ನೆಂಟರು ಬರುವಾಗ ಮನೆ ಗುಡಿಸುವುದಿಲ್ಲವೇ, ಹಾಗೆ.

ಅದನ್ನೇ ಅಮೆರಿಕದ ಆ ಕ್ಲಾಸಿಗೂ ಹೇಳಿಕೊಟ್ಟೆ. ಮುಂದಿನ ಶನಿವಾರಕ್ಕೆ ಎಂದು ಪ್ರಶ್ನೆಗಳನ್ನೂ ಒಂದು ಸಲ ಅಭ್ಯಾಸ ಮಾಡಿಸಿದೆ. ನರ್ಸಿಂಗಿನವರು ಬಿದ್ದು ಬಿದ್ದು ನಕ್ಕರು. ಅಜ್ಜಿಗಂತೂ ಖುಷಿಯೋ ಖುಷಿ, ಎರಡೂ ಕೈ ಎತ್ತಿ ಅಭ್ಯಾಸ ಮಾಡಿದರು. ಆಗ ಮೊದಲ ಸಲ ಬಸ್ಸಿನವರು ಕ್ಲಾಸಿನಲ್ಲಿ ಬಾಯಿ ಬಿಟ್ಟರು.

"ಪ್ರೊಫೆಸರ್, ಎಡಗೈ ಎತ್ತಿದೋರಿಗೆ ಏನು ಸಿಗತ್ತೆ?"

"ಏನೂ ಇಲ್ಲ. ನಿಮ್ಮನ್ನ ಯಾರೂ ಕೇಳಲ್ಲ, ಆರಾಮಾಗಿ ಕೂತ್ಕೋಬಹುದು," ಎಂದೆ, ಏನೋ ಉಡುಗೊರೆ ಕೊಡುವವಳ ಹಾಗೆ.

"ಎರಡು ಸಲವೂ ನಾನು ಹಾಗೇ ಆರಾಮಾಗಿ ಕೂತಿದ್ದೆ," ಎಂದರು. "ಎರಡು ಸಲವೂ ಫೇಲಾದೆ."

ಅವರು ಕೊಂಕಾಗಿ ಹೇಳಲಿಲ್ಲ, ಇದ್ದದ್ದನ್ನು ಹೇಳಿದರು. ನನಗೆ ಚುರುಕ್ ಎಂದಿತು. ಆದರೆ ಇನ್‌ಸ್ಪೆಕ್ಷನ್ನಿನ ಭಯ ಅದಕ್ಕಿಂತ ದೊಡ್ಡದಿತ್ತು, ಕೇಳಿಸದವಳ ಹಾಗೆ ಬೋರ್ಡಿನ ಕಡೆ ತಿರುಗಿದೆ.

ರಾತ್ರಿ ಊಟ ಮಾಡುವಾಗ ಫೋನಿನಲ್ಲಿ ಮಗಳಿಗೆ ಇದನ್ನು ಜಂಬದಿಂದ ಹೇಳಿದೆ. ಅವಳಿಗೆ ಕನ್ನಡ ಪೂರಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲೇ. "ಅಮ್ಮಾ! ದಟ್ಸ್ ಚೀಟಿಂಗ್!" ಎಂದು ಕಿರುಚಿದಳು. "ಚೀಟಿಂಗೂ ಇಲ್ಲ, ಏನೂ ಇಲ್ಲ, ಅದು ಮರ್ಯಾದೆ ಪ್ರಶ್ನೆ," ಎಂದು ಫೋನಿಟ್ಟೆ.

ಶನಿವಾರ ಬಂದವರು ಇಪ್ಪತ್ತು ವರ್ಷದಿಂದ ಅಲ್ಲೇ ಗಣಿತ ಹೇಳುತ್ತಿದ್ದ ಒಬ್ಬ ಹೆಂಗಸು. ಕೃಶವಾದ ಮೈಕಟ್ಟು, ಕಾಲಿಗೆ ಹಳೇ ಚಪ್ಪಲಿ, ಕೈಯಲ್ಲಿ ಒಂದು ನೋಟ್‌ಬುಕ್ಕು. ಬಸ್ಸಿನವರ ಪಕ್ಕದ ಕುರ್ಚಿಯಲ್ಲೇ ಕೂತರು. ನಾನು ಪ್ರಶ್ನೆ ಕೇಳಿದೆ, ಕೈಗಳು ಎದ್ದವು, ಬಲಗೈಯವರನ್ನು ಎಬ್ಬಿಸಿದೆ. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ನಡೆಯಿತು. ಒಂದು, ಎರಡು, ಐದು ಪ್ರಶ್ನೆ. ತಲೆಗೆ ಏರಿಬಿಟ್ಟಿತು ನನಗೆ. ಹಿಂದಿನ ವಾರ ಅಭ್ಯಾಸ ಮಾಡಿಸದೇ ಇದ್ದ ಪ್ರಶ್ನೆಯೊಂದು ಬಾಯಿಂದ ಬಂದುಬಿಟ್ಟಿತು.

"ಎರಡು ಗುಂಪಿನ ಸರಾಸರಿ ಒಂದೇ ಇದೆ. ಹಾಗಾದ್ರೆ ಎರಡು ಗುಂಪೂ ಒಂದೇ ಥರ ಅಂತ ಹೇಳ್ಬೋದಾ? ಯಾಕೆ?"

ಇಪ್ಪತ್ತಾರು ಕೈ ಎದ್ದವು. ಇಪ್ಪತ್ತಾರೂ ಎಡಗೈ.

ನಾನು ಒಂದು ಕಡೆಯಿಂದ ಇನ್ನೊಂದು ಕಡೆಗೆ ನೋಡಿದೆ. ಒಂದಾದರೂ ಬಲಗೈ ಬೇಕಲ್ಲ. ಅಜ್ಜಿ ನನ್ನ ಕಡೆ ನೋಡಿ ನಗುತ್ತಾ ಎಡಗೈಯನ್ನು ಇನ್ನೂ ಎತ್ತರಕ್ಕೆ ಎತ್ತಿದರು. ಹಿಂದೆ ಕೂತಿದ್ದ ಹೆಂಗಸು ಬರೆಯುವುದನ್ನು ನಿಲ್ಲಿಸಿ ತಲೆ ಎತ್ತಿದರು. ಅವರ ಕಣ್ಣಿಗೆ, ಇಷ್ಟು ಜನ ಉತ್ತರ ಹೇಳುತ್ತೇವೆ ಎಂದು ಕೈ ಎತ್ತಿದ್ದಾರೆ, ಮೇಡಮ್ಮು ಮಾತ್ರ ಮರದ ಹಾಗೆ ನಿಂತಿದ್ದಾರೆ.

"ನಮಗೆ ಯಾರಿಗೂ ಗೊತ್ತಿಲ್ಲ ಪ್ರೊಫೆಸರ್," ಎಂದರು ಬಸ್ಸಿನವರು, ಕೈ ಇಳಿಸದೆ. "ದಯವಿಟ್ಟು ಇನ್ನೊಂದು ಸಲ ಹೇಳಿಕೊಡಿ."

ಇಂಗು ತಿಂದ ಮಂಗನ ಮುಖ ಹೇಗಿರುತ್ತದೆಂದು ಅವತ್ತು ನೋಡಬೇಕಿದ್ದವರು ನನ್ನನ್ನು ನೋಡಬಹುದಿತ್ತು. ಏನೋ ಹೇಳಿಕೊಟ್ಟೆ, ಏನೆಂದು ನೆನಪಿಲ್ಲ. ಕ್ಲಾಸು ಮುಗಿದ ಮೇಲೆ ಆ ಹೆಂಗಸು ನಿಧಾನವಾಗಿ ಮುಂದೆ ಬಂದು, ಆ ಕೈಗಳ ವಿಷಯ ಏನು ಎಂದು ಕೇಳಿದರು. ಸುಳ್ಳು ಹೇಳಲು ನೋಡಿದೆ, ನಾಲಿಗೆ ಹೊರಳಲಿಲ್ಲ. ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡೆ. ಅವರು ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ.

"ನಾನು ನೋಡೋಕೆ ಬಂದಿದ್ದು ಗೊತ್ತಿಲ್ಲದೋರಿಗೆ ನೀವು ಏನು ಮಾಡ್ತೀರಿ ಅಂತ," ಎಂದರು. "ಆರು ವಾರ ಬಿಟ್ಟು ಇನ್ನೊಂದು ಸಲ ಬರ್ತೀನಿ."

ಅವರು ಹೋದ ಮೇಲೆ ಖಾಲಿ ಕ್ಲಾಸಿನಲ್ಲಿ ಕೂತು ಅತ್ತೆ. ಮರ್ಯಾದೆ ಹೋಯಿತು ಎಂದು ಅತ್ತಿದ್ದು, ಪಶ್ಚಾತ್ತಾಪದಿಂದ ಅಲ್ಲ. ಮರೆತುಹೋದ ರಬ್ಬರು ತೆಗೆದುಕೊಳ್ಳಲು ಬಸ್ಸಿನವರು ವಾಪಸ್ ಬಂದರು. ನನ್ನ ಮುಖ ನೋಡಿದರು, ನೋಡದವರ ಹಾಗೆ ಕಿಟಕಿಯ ಕಡೆ ತಿರುಗಿ ಹೇಳಿದರು: "ಬುಧವಾರ ಹತ್ತು ಗಂಟೆಗೆ ವರ್ಕ್‌ಶಾಪಿಗೆ ಬನ್ನಿ. ನಮ್ಮಲ್ಲಿ ಹೇಗೆ ಮಾಡ್ತೀವಿ ನೋಡಿ. ಹಳೇ ಬಟ್ಟೆ ಹಾಕ್ಕೊಂಡು ಬನ್ನಿ."

ಹೋದೆ. ಕಾಲೇಜಿನ ಹಿಂಭಾಗದಲ್ಲಿ, ಪಾರ್ಕಿಂಗ್ ಲಾಟಿನ ಆಚೆ ದೊಡ್ಡ ಶೆಡ್ಡು. ಬಾಗಿಲಲ್ಲೇ ರಬ್ಬರು, ಪೆಟ್ರೋಲು, ಕಾಫಿ ಮೂರೂ ಬೆರೆತ ವಾಸನೆ. ಐದಾರು ಕಾರುಗಳನ್ನು ಮೇಲೆತ್ತಿ ನಿಲ್ಲಿಸಿದ್ದರು. ಒಂದೊಂದರ ಕೆಳಗೂ ನಾಲ್ಕು ನಾಲ್ಕು ಜನ. ರಿಟೈರ್ ಆಗಲಿದ್ದ ಮುದಿ ಮೇಷ್ಟ್ರು ಮೂಲೆಯ ಮೇಜಿನಲ್ಲಿ ಕಾಗದ ನೋಡುತ್ತಿದ್ದರು, ಬಸ್ಸಿನವರು ಕಾರಿನಿಂದ ಕಾರಿಗೆ ಓಡಾಡುತ್ತಿದ್ದರು.

ಅಲ್ಲಿ ಒಂದು ರೂಢಿ ಇತ್ತು, ಡಿಪೋದಿಂದ ಅವರೇ ತಂದದ್ದು. ಯಾವ ಕೆಲಸ ಬಂದರೂ, ಯಾರಿಗೆ ಅದು ಗೊತ್ತಿಲ್ಲವೋ ಅವರ ಕೈಗೇ ಬೋಲ್ಟು ತಿರುಗಿಸುವ ಪಾನಾ. ಗೊತ್ತಿದ್ದವರು ಎರಡೂ ಕೈ ಜೇಬಿನಲ್ಲಿಟ್ಟುಕೊಂಡು ನಿಲ್ಲಬೇಕು, ಕೇಳಿದರೆ ಮಾತ್ರ ಬಾಯಿ ತೆರೆಯಬೇಕು. ಗೊತ್ತಿದ್ದವನ ಕೈಗೆ ಪಾನಾ ಕೊಟ್ಟರೆ ಬಸ್ಸು ಬೇಗ ರಿಪೇರಿಯಾಗುತ್ತದೆ, ಆದರೆ ನಾಳೆಯೂ ರಿಪೇರಿಗೆ ಅವನೊಬ್ಬನೇ ಇರುತ್ತಾನೆ ಎಂದರು. ಅವತ್ತು ಬ್ರೇಕಿನ ಕೆಲಸ. "ಇದು ಯಾರು ಮಾಡಿಲ್ಲ?" ಎಂದು ಕೇಳಿದ ಕೂಡಲೇ ಒಬ್ಬಳು ಸಣ್ಣ ಹುಡುಗಿ, "ನಾನು!" ಎಂದು ಮುಂದೆ ಬಂದಳು. ನಾಚಿಕೆ ಪಡಲಿಲ್ಲ, ಸರದಿ ಬಂದವಳ ಹಾಗೆ ಬಂದಳು. ಅವಳ ಕೈಗೆ ಪಾನಾ ಕೊಟ್ಟು ಬಸ್ಸಿನವರು ಜೇಬಿಗೆ ಕೈ ಹಾಕಿದರು. ಅವಳು ತಪ್ಪು ಬೋಲ್ಟಿಗೆ ಹಾಕಿದಳು, ತಿರುಗಿಸಿದಳು, ನಿಲ್ಲಿಸಿದಳು, ಯೋಚನೆ ಮಾಡಿದಳು. ಬಸ್ಸಿನವರ ಜೇಬಿನಲ್ಲಿ ಬೆರಳುಗಳು ಹೊರಳುತ್ತಿದ್ದದ್ದು ನನಗೆ ಕಾಣುತ್ತಿತ್ತು. ಕೈ ಹೊರಗೆ ಬರಲಿಲ್ಲ. ಎಂಟು ನಿಮಿಷದ ಮೇಲೆ ಅವಳೇ ಸರಿಯಾದ್ದನ್ನು ಹುಡುಕಿದಳು.

ನಾನಾಗಿದ್ದರೆ ಎಂಟು ಸೆಕೆಂಡಿಗೆ ಬಾಯಿ ಹಾಕುತ್ತಿದ್ದೆ. ಈ ಮನುಷ್ಯ ಮೇಷ್ಟ್ರಾಗಲು ಇನ್ನೂ ಕಾಯಬೇಕೇ ಎಂದು ಹೊಟ್ಟೆ ಉರಿಯಿತು. ನನ್ನ ಎಂ.ಎಸ್ಸಿ.ಯಲ್ಲಿ ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ.

ಆಮೇಲೆ ಅವರು ಕಳಚಿದ ಬ್ರೇಕ್ ಪ್ಯಾಡುಗಳನ್ನು ಬೆಂಚಿನ ಮೇಲೆ ಸಾಲಾಗಿ ಇಟ್ಟು ಆ ಹುಡುಗಿಗೆ ಏನೋ ಹೇಳುತ್ತಿದ್ದರು. ಹತ್ತಿರ ಹೋದೆ. ಅವರು ಕೆಲಸ ಮಾಡಿದ ಕಾಲದಲ್ಲಿ ಎರಡು ಡಿಪೋ ಇದ್ದವಂತೆ. ಪ್ಯಾಡು ಎಷ್ಟು ಸವೆದಿದೆ ಎಂದು ಅಳೆದರೆ ಎರಡು ಡಿಪೋದ ಸರಾಸರಿಯೂ ಒಂದೇ ಬರುತ್ತಿತ್ತು. ಒಂದರಲ್ಲಿ ಎಲ್ಲ ಬಸ್ಸೂ ಹೆಚ್ಚುಕಡಿಮೆ ಒಂದೇ ಸಮ ಸವೆದಿರುತ್ತಿದ್ದವು. ಇನ್ನೊಂದರಲ್ಲಿ ಅರ್ಧ ಬಸ್ಸು ಸಮತಟ್ಟು ರಸ್ತೆಯವು, ಹೊಸದರ ಹಾಗೆ; ಅರ್ಧ ಬೆಟ್ಟ ಹತ್ತಿ ಇಳಿಯುವವು, ತಗಡು ಕಾಣುವಷ್ಟು ಸವೆದವು.

"ಸರಾಸರಿ ಸರಿಯಾಗಿದೆ ಅಂತ ಆ ಬಸ್ ಬಿಟ್ರೆ ಇಳಿಜಾರಲ್ಲಿ ಜನ ಸಾಯ್ತಾರೆ," ಎಂದರು.

"ಇದೇ," ಎಂದೆ. "ಶನಿವಾರ ನೀವು ಎಡಗೈ ಎತ್ತಿದ ಪ್ರಶ್ನೆಗೆ ಉತ್ತರ ಇದೇ. ಪುಸ್ತಕದಲ್ಲಿ ಇದಕ್ಕೆ ಸ್ಟ್ಯಾಂಡರ್ಡ್ ಡೀವಿಯೇಷನ್ ಅಂತ ಹೆಸರು, ಸರಾಸರಿಯಿಂದ ಒಂದೊಂದೂ ಎಷ್ಟು ದೂರ ಚದುರಿದೆ ಅನ್ನೋದು, ಅಷ್ಟೇ."

ಅವರು ಎಲ್ಲಕ್ಕಿಂತ ಹೆಚ್ಚು ಸವೆದ ಪ್ಯಾಡನ್ನು ಎತ್ತಿ ಕೈಯಲ್ಲಿ ಹಿಡಿದರು. "ಇಷ್ಟೇನಾ?" ಎಂದರು. ದನಿಯಲ್ಲಿ ಸಂತೋಷಕ್ಕಿಂತ ಸಿಟ್ಟೇ ಹೆಚ್ಚಿತ್ತು. ಎರಡು ಸಲ ಫೇಲಾದ ಸಿಟ್ಟು ಅದು, ನನಗೆ ಅರ್ಥವಾಯಿತು.

ಮುಂದಿನ ಶನಿವಾರ ಕ್ಲಾಸಿಗೆ ಕ್ಷಮೆ ಕೇಳಿದೆ. ಕೈ ಎತ್ತುವುದು ಹಾಗೇ ಇರಲಿ, ಆದರೆ ಇವತ್ತಿನಿಂದ ಬೋರ್ಡಿನ ಮಾರ್ಕರು ಎಡಗೈ ಎತ್ತಿದವರಿಗೆ, ಬಲಗೈಯವರು ಜೇಬಿಗೆ ಕೈ ಹಾಕಿಕೊಳ್ಳಿ ಎಂದೆ. ಶುರುವಿನಲ್ಲಿ ಗೊಂದಲವೋ ಗೊಂದಲ. ಪೋರ್ಷನ್ ಹಿಂದೆ ಬಿತ್ತು. ಜೇಬಿಲ್ಲದ ನರ್ಸಿಂಗ್ ಹುಡುಗಿಯರು ಕೈ ಎಲ್ಲಿಡುವುದು ಎಂದು ಕೇಳಿದರು. ನನಗಂತೂ ನಾಲಿಗೆ ಕಚ್ಚಿಕೊಂಡು ನಿಂತು ಹಲ್ಲಿನ ಗುರುತು ಬಿತ್ತು. ಬಸ್ಸಿನವರು ಮೊದಲ ಸಲ ಬೋರ್ಡಿಗೆ ಬಂದಾಗ ಮಾರ್ಕರು ಅವರ ಬೆರಳಲ್ಲಿ ಕಡ್ಡಿಯ ಹಾಗೆ ಕಂಡಿತು. ಅಜ್ಜಿ ತಮ್ಮ ಜಾಗದಿಂದಲೇ, "ಬ್ರೇಕ್ ಪ್ಯಾಡ್ ಅಂದ್ಕೊಳ್ಳಪ್ಪ," ಎಂಬರ್ಥದಲ್ಲಿ ಏನೋ ಕೂಗಿದರು. ಲೆಕ್ಕ ಅರ್ಧಕ್ಕೆ ನಿಂತಿತು, ಆದರೆ ಅರ್ಧ ಸರಿ ಇತ್ತು. ಹೇಳಿದ ಹಾಗೆ ಆರನೇ ವಾರ ಆ ಹಿರಿಯ ಹೆಂಗಸು ಮತ್ತೆ ಬಂದು ಹಿಂದೆ ಕೂತರು. ಅವತ್ತು ಅವರು ಬಂದದ್ದು ಯಾರಿಗೂ ನೆನಪೇ ಇರಲಿಲ್ಲ, ಬೋರ್ಡಿನ ಹತ್ತಿರ ಅಷ್ಟು ಗಲಾಟೆ. ನನ್ನ ಕ್ಲಾಸು ಉಳಿಯಿತು. ಹೋಗುವಾಗ, ಈ ಮಾರ್ಕರಿನ ಪದ್ಧತಿ ನಾನೂ ಬಳಸಿಕೊಳ್ಳಲೇ ಎಂದು ಕೇಳಿದರು. ಆಟೋ ವರ್ಕ್‌ಶಾಪಿನವರನ್ನು ಕೇಳಿ ಎಂದೆ.

ಎರಡನೇ ಟೆಸ್ಟಿನಲ್ಲಿ ಬಸ್ಸಿನವರಿಗೆ ಅರವತ್ತಮೂರು ಬಂತು, ಮೂರನೆಯದರಲ್ಲಿ ಎಪ್ಪತ್ತೆರಡು. ಆದರೆ ಆ ನಲವತ್ತೊಂದು ಕಾಲಿಗೆ ಕಟ್ಟಿದ ಗುಂಡಿನ ಹಾಗೆ ಎಳೆಯುತ್ತಿತ್ತು. ಒಟ್ಟು ಅಂಕದಲ್ಲಿ ಕೊನೆಯ ಪರೀಕ್ಷೆಯದೇ ನೂರಕ್ಕೆ ಅರವತ್ತು ಪಾಲು, ಪಾಸಾಗಬೇಕೆಂದರೆ ಅದರಲ್ಲಿ ಎಪ್ಪತ್ತೆಂಟು ಬೇಕಾಗಿತ್ತು. ಅಷ್ಟು ಅವರಿಗೆ ಯಾವತ್ತೂ ಬಂದಿರಲಿಲ್ಲ.

ಪರೀಕ್ಷೆಯ ದಿನ ನಾನು ಅವರ ಕಡೆ ನೋಡಬಾರದೆಂದು ಶಪಥ ಮಾಡಿ ಅವರನ್ನೇ ನೋಡುತ್ತಿದ್ದೆ. ಅರ್ಧ ಹೊತ್ತು ಕಳೆದ ಮೇಲೆ ಅವರು ಪೆನ್ಸಿಲು ಕೆಳಗಿಟ್ಟು, ಎರಡೂ ಕೈ ಜೇಬಿಗೆ ಹಾಕಿಕೊಂಡು ಹಿಂದಕ್ಕೆ ಒರಗಿ ಕಣ್ಣು ಮುಚ್ಚಿದರು. ಮುಗಿಯಿತು, ಕೈ ಬಿಟ್ಟರು ಎಂದುಕೊಂಡೆ. ಎಷ್ಟೋ ಹೊತ್ತಿನ ಮೇಲೆ ಮತ್ತೆ ಪೆನ್ಸಿಲು ತೆಗೆದುಕೊಂಡರು. ಕೊನೆಯವರಾಗಿ ಪೇಪರು ಕೊಟ್ಟು, ನನ್ನ ಮುಖ ನೋಡದೆ ಹೋದರು.

ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಪೇಪರು ತಿದ್ದಲು ಕೂತೆ. ಅವರದನ್ನು ಕಟ್ಟಿನ ಅಡಿಗೆ ಹಾಕಿದೆ. ಇಪ್ಪತ್ತೈದು ಮುಗಿಯುವಷ್ಟರಲ್ಲಿ ಮಧ್ಯಾಹ್ನವಾಯಿತು. ಕೊನೆಯದನ್ನು ಮುಟ್ಟದೆ ಎದ್ದು ಸಾರಿಗೆ ಒಗ್ಗರಣೆ ಹಾಕಿದೆ, ಪಾತ್ರೆ ತೊಳೆದೆ. ಗಂಡ ನೋಡುವಷ್ಟು ನೋಡಿ, "ಅಲ್ಲ ಕಣೇ, ಒಂದೆರಡು ಕಮ್ಮಿ ಬಿದ್ರೆ ಗ್ರೇಸ್ ಮಾರ್ಕ್ಸ್ ಕೊಟ್ಬಿಡು. ಯಾರ್ ಕೇಳ್ತಾರೆ?" ಎಂದರು.

"ಅವರೇ ಕೇಳ್ತಾರ್ರೀ. ಕೊಟ್ರೆ ವಾಪಸ್ ತಂದು ಕೊಡೋ ಆಸಾಮಿ ಅದು," ಎಂದೆ. ಆದರೂ ಕೊಟ್ಟುಬಿಡುತ್ತೇನೇನೋ ಎಂಬ ಭಯ ನನ್ನ ಮೇಲೇ ನನಗಿತ್ತು. ಅದಕ್ಕೇ ಮುಟ್ಟಿರಲಿಲ್ಲ. ಕೊನೆಗೂ ಕೂತು ತಿದ್ದಿದೆ.

ಕೂಡಿದೆ. ಎಂಬತ್ತೊಂದು. ಇನ್ನೂ ಮೂರು ಸಲ ಕೂಡಿದೆ. ಎಂಬತ್ತೊಂದೇ. ಅಡುಗೆಮನೆಯಿಂದ ಹಾಲಿನವರೆಗೆ ಚಿಕ್ಕ ಹುಡುಗಿಯ ಹಾಗೆ ಓಡಿದೆ, ನನ್ನ ವಯಸ್ಸಿಗೆ ತಕ್ಕದ್ದಲ್ಲದ ಏನೋ ಕೂಗಿದೆ. ಆನ್‌ಲೈನಿನಲ್ಲಿ ಗ್ರೇಡು ಹಾಕಿದ ಹತ್ತು ನಿಮಿಷಕ್ಕೆ ಅವರಿಂದ ಒಂದು ಸಾಲಿನ ಈಮೇಲು ಬಂತು: "ಪ್ರೊಫೆಸರ್, ಸರಿಯಾಗಿ ಕೂಡಿದ್ದೀರಾ?" ನಾಲ್ಕು ಸಲ ಎಂದು ಉತ್ತರ ಬರೆದೆ.

ಅವರ ಕಾಗದಗಳು ಬೇಸಿಗೆಯಲ್ಲಿ ಆಫೀಸಿಗೆ ಹೋದವು. ಎರಡು ವರ್ಷದ ಡಿಗ್ರಿ, ಹೌದು. ಆರು ವರ್ಷದ ಅನುಭವ, ಹೌದು. ಸೆಪ್ಟೆಂಬರಿಗೆ ಮೊದಲೇ ಅವರಿಗೊಂದು ಕ್ಲಾಸು ಸಿಕ್ಕಿತು. ಪಾರ್ಟ್ ಟೈಮು, ಶನಿವಾರ ಬೆಳಗ್ಗೆ, ಕಾರಿನ ಬಗ್ಗೆ ಏನೂ ಗೊತ್ತಿಲ್ಲದವರಿಗೆ ಮೊದಲ ಪಾಠ. ನನ್ನದು ಆಗ ವಾರದ ದಿನಗಳಿಗೆ ಬದಲಾಗಿತ್ತು. ನಾನು ಅವರಿಗೆ ಹೇಳದೆ ಆ ಕ್ಲಾಸಿಗೆ ವಿದ್ಯಾರ್ಥಿನಿಯಾಗಿ ಹೆಸರು ಕೊಟ್ಟೆ. ಮಗಳಿಗೆ ಗೊತ್ತಾಗಿ, "ಅಮ್ಮಾ, ಯು ಡೋಂಟ್ ಈವನ್ ಚೆಕ್ ಯುವರ್ ಟೈರ್ಸ್!" ಎಂದು ನಕ್ಕಳು. ಅದಕ್ಕೇ ಹೋಗ್ತಿರೋದು ಎಂದೆ.

ಮೊದಲ ಶನಿವಾರ ಶೆಡ್ಡಿನ ಪಕ್ಕದ ಕೋಣೆಯಲ್ಲಿ ಹದಿನೆಂಟು ಜನ ಇದ್ದೆವು. ನಾನೇ ಎಲ್ಲರಿಗಿಂತ ದೊಡ್ಡವಳು. ಕೆಲವರು ಕಾಫಿ ಕುಡಿಯುತ್ತಿದ್ದರು, ಕೆಲವರು ಫೋನು ನೋಡುತ್ತಿದ್ದರು, ಒಬ್ಬಳು ಕಾಲು ಚಾಚಿ ತೂಕಡಿಸುತ್ತಿದ್ದಳು. ಒಂಬತ್ತಕ್ಕೆ ಎರಡು ನಿಮಿಷ ಇರುವಾಗ ಬಾಗಿಲು ತೆರೆಯಿತು. ಇಸ್ತ್ರಿ ಮಾಡಿದ ಹೊಸ ಶರಟು, ಕಂಕುಳಲ್ಲಿ ಒಂದು ಫೈಲು.

ನಾನು ಎದ್ದು ನಿಂತೆ. ನಿಲ್ಲಬೇಕೆಂದು ಯೋಚಿಸಿ ನಿಂತಿದ್ದಲ್ಲ. ಒಂದನೇ ಕ್ಲಾಸಿನಿಂದ ಎಂ.ಎಸ್ಸಿ.ವರೆಗೆ ಮೇಷ್ಟ್ರು ಒಳಗೆ ಬಂದಾಗ ಎದ್ದ ಕಾಲುಗಳು, ತಾವಾಗಿಯೇ ಎದ್ದವು. ಪಕ್ಕದವರು ನನ್ನನ್ನು ವಿಚಿತ್ರವಾಗಿ ನೋಡಿದರು. ಈ ದೇಶದಲ್ಲಿ ಮೇಷ್ಟ್ರು ಬಂದರೆಂದು ಯಾರೂ ಏಳುವುದಿಲ್ಲ.

ಬಸ್ಸಿನವರು ಬಾಗಿಲಲ್ಲೇ ನಿಂತುಬಿಟ್ಟರು. ನನ್ನನ್ನು ನೋಡಿದರು. ಆಮೇಲೆ ಯಾರು ಬಂದರು ಎಂದು ಹಿಂದೆ ತಿರುಗಿ ನೋಡಿದರು.

ಹಿಂದೆ ಯಾರೂ ಇರಲಿಲ್ಲ.